ಮೇಲಿನ ಸಂದು

4 ಆಗಸ್ಟ್ 2025, ಸೋಮವಾರ

ಪೇಪರ್ ಒಪ್ಪಿಗೆಯಾಯಿತು. ಮೂರು ಸಲ ತಿದ್ದಿಸಿ, ಎರಡು ಸಲ ನಾನು ಅಳುವಂತೆ ಮಾಡಿ, ಕೊನೆಗೆ ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಪತ್ರಿಕೆಯವರ ಮೇಲ್ ಬಂತು. ಕೃಷ್ಣಕುಮಾರ್ ಸರ್ ತಮ್ಮ ಕೋಣೆಯಿಂದ ಹೊರಗೆ ಬಂದು, ನನ್ನ ಮೇಜಿನ ಮೇಲೆ ಗೆಣ್ಣಿನಿಂದ ಎರಡು ಸಲ ಕುಟ್ಟಿದರು. ಅವರ ಲೆಕ್ಕದಲ್ಲಿ ಅದು ಮೆರವಣಿಗೆ. ಆಮೇಲೆ ಎಲ್ಲರಿಗೂ ಕ್ಯಾಂಟೀನಿನಿಂದ ಬೋಂಡ ತರಿಸಿದರು.

ಈ ನೋಟ್‌ಬುಕ್ ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ಏನಾದರೂ ಒಳ್ಳೆಯದಾದ ದಿನ ಶುರು ಮಾಡೋಣ ಎಂದುಕೊಂಡಿದ್ದೆ. ಬರೆಯುತ್ತಿರುವುದು ಮೈಸೂರಿನಿಂದ ಹುಣಸೂರಿಗೆ ಹೋಗುವ ಸಂಜೆಯ ಬಸ್ಸಿನಲ್ಲಿ, ಅಕ್ಷರ ಕುಣಿದರೆ ರಸ್ತೆಯನ್ನು ಬೈಯಬೇಕು. ಮನೆಯಲ್ಲಿ ನಾವು ಆಡುವುದು ಉರ್ದು, ಲ್ಯಾಬಿನಲ್ಲಿ ಬರೆಯುವುದು ಇಂಗ್ಲಿಷ್. ನನ್ನ ಪಾಡಿಗೆ ನಾನು ಯೋಚನೆ ಮಾಡುವುದು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ಹಾಗಾಗಿ ಇದೂ ಕನ್ನಡದಲ್ಲೇ ಇರಲಿ.

ನಾಲ್ಕು ವರ್ಷ ಏನು ಮಾಡಿದೆ ಎಂದು ಒಂದು ಸಲವಾದರೂ ಸರಳವಾಗಿ ಬರೆದಿಡಬೇಕು. ಎರಡು ಬಗೆಯ ಹರಳು. ಎರಡರಲ್ಲೂ ವಿದ್ಯುತ್ ಹರಿಯುವುದಿಲ್ಲ, ಗಾಜಿನಷ್ಟೇ ಜಡ. ಆದರೆ ಒಂದರ ಮೇಲೆ ಇನ್ನೊಂದನ್ನು ಪದರ ಪದರವಾಗಿ, ಪರಮಾಣುಗಳ ಸಾಲು ತಪ್ಪದಂತೆ ಬೆಳೆಸಿದರೆ, ಅವೆರಡೂ ಕೂಡುವ ಜಾಗದಲ್ಲಿ ಮಾತ್ರ ವಿದ್ಯುತ್ ಸರಾಗವಾಗಿ ಓಡಾಡುತ್ತದೆ. ಆ ಜಾಗಕ್ಕೆ ಲ್ಯಾಬಿನಲ್ಲಿ ಇಂಟರ್ಫೇಸ್ ಎನ್ನುತ್ತೇವೆ. ಬಡಗಿಯ ಮಗಳು ನಾನು, ಸಂದು ಎಂದು ಬರೆಯುತ್ತೇನೆ. ಎರಡನೆಯ ಹರಳಿನ ಮೇಲೆ ಮತ್ತೆ ಮೊದಲನೆಯದರ ಪದರ ಕೂರಿಸಿದರೆ ಸಂದು ಎರಡಾಗುತ್ತದೆ. ಕೆಳಗಿನ ಸಂದಿನಲ್ಲಿ ಓಡುವುದು ಎಲೆಕ್ಟ್ರಾನ್‌ಗಳು, ಅದು ಹಳೆಯ ಸುದ್ದಿ. ನಮ್ಮ ಹರಳಿನಲ್ಲಿ ಮೇಲಿನ ಸಂದಿನಲ್ಲಿ ಓಡುವುದು ಹೋಲ್‌ಗಳು, ಅಂದರೆ ಎಲೆಕ್ಟ್ರಾನ್ ಇರಬೇಕಾದ ಕಡೆ ಇಲ್ಲದ ಖಾಲಿ ಜಾಗಗಳು. ಅದು ನಮ್ಮ ಸುದ್ದಿ. ಅಳೆದವಳು ನಾನು.

ಬೋಂಡ ತಿನ್ನುವಾಗ ಸರ್ ಅಂದರು, "ಕೈ ಶುದ್ಧ ಇದ್ರೆ ಹರಳು ತಾನೇ ಮಾತಾಡುತ್ತೆ. ಕೆಲವರಿಗೆ ಆ ಕೈ ಇರೋಲ್ಲ, ಏನು ಮಾಡೋಕಾಗುತ್ತೆ." ಯಾರನ್ನು ಅಂದರು ಎಂದು ಎಲ್ಲರಿಗೂ ಗೊತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಂದದ್ದು ಸಂಘಮಿತ್ರಳನ್ನು. ಅವಳು ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದವಳು. ನನಗಿಂತ ಒಂದು ವರ್ಷ ಕಿರಿಯಳು, ಪಕ್ಕದ ಮೇಜಿನಲ್ಲಿ ಕೂರುತ್ತಿದ್ದಳು. ಈ ಹರಳುಗಳನ್ನು ಬೆಳೆಸಿದವಳು ಅವಳೇ. ಕಳೆದ ನವೆಂಬರಿನಲ್ಲಿ ಮೇಲಿನ ಸಂದನ್ನು ಮೊದಲು ಅಳೆದವಳೂ ಅವಳೇ. ಅವಳಿಗೆ ಅಲ್ಲಿಯೂ ಎಲೆಕ್ಟ್ರಾನೇ ಸಿಕ್ಕಿತ್ತು. ಸರ್ ಅದೇ ಹರಳನ್ನು ನನಗೆ ಕೊಟ್ಟು "ನೀವು ನೋಡಿ" ಎಂದರು. ನನಗೆ ಹೋಲ್ ಸಿಕ್ಕಿತು. ಸೋಮವಾರದ ಮೀಟಿಂಗಿನಲ್ಲಿ, ಎಲ್ಲರ ಮುಂದೆ, ಯಾಕೆ ಹೀಗೆ ಎಂದು ನನ್ನನ್ನು ಕೇಳಿದರು. "ಸಂಘಮಿತ್ರ ವೈರ್ ಹಾಕಿರೋದು ಸರಿ ಇಲ್ಲ ಸರ್" ಎಂದೆ. ಡಿಸೆಂಬರಿನಲ್ಲಿ ಅವಳು ಪಿಎಚ್‌.ಡಿ. ಬಿಟ್ಟು ಊರಿಗೆ ಹೋದಳು. ಪೇಪರಿನ ಕೊನೆಯಲ್ಲಿ ಕೃತಜ್ಞತೆ ಹೇಳುವ ಜಾಗದಲ್ಲಿ ಅವಳ ಹೆಸರಿದೆ.

ಇದನ್ನೆಲ್ಲ ಯಾಕೆ ಬರೆದೆನೋ. ಇವತ್ತು ಖುಷಿಯ ದಿನ.

10 ಆಗಸ್ಟ್, ಭಾನುವಾರ



ಬೆಳಿಗ್ಗೆ ಅಬ್ಬಾಗೆ ಚಹಾ ಕೊಡಲು ಶೆಡ್ಡಿಗೆ ಹೋದೆ. ಅಬ್ಬಾ ಬಾಗಿಲು ಮಾಡುವುದರಲ್ಲಿ ಹುಣಸೂರಿಗೆಲ್ಲ ಹೆಸರುವಾಸಿ. ಖದೀರ್ ಬಾಗಿಲು ಎಂದರೆ ಮಳೆಗಾಲದಲ್ಲೂ ಕಿರುಗುಟ್ಟುವುದಿಲ್ಲ ಎನ್ನುತ್ತಾರೆ. ಕಟ್ಟೆಮಳಲವಾಡಿಯ ಶಿವಣ್ಣ ಹೊಸ ಮನೆಯ ಬಾಗಿಲಿಗೆ ಅಳತೆ ಹೇಳುತ್ತಿದ್ದರು.

"ಕೀಲು ಎಡಕ್ಕೆ ಬರ್ಬೇಕು ಕಣ್ ಖದೀರಣ್ಣ."

"ಒಳಗ್ ನಿಂತ್ಕಂಡು ಎಡವೋ, ಹೊರಗ್ ನಿಂತ್ಕಂಡು ಎಡವೋ? ಮೊದ್ಲು ಅದು ಹೇಳಿ."

ಶಿವಣ್ಣ ಎದ್ದು ನಿಂತು, ಇಲ್ಲದ ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡಿದರು. "ಒಳ್ಗಿಂದ. ಅಲ್ಲಲ್ಲ, ತಡಿ. ಊ, ಒಳ್ಗಿಂದಾನೆ."

ಅಬ್ಬಾ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಹಲಗೆಯ ಮೇಲೆ ದಪ್ಪಗೆ "ಒಳಗೆ" ಎಂದು ಬರೆದರು. ಶಿವಣ್ಣ ಹೋದ ಮೇಲೆ, ಮೂವತ್ತು ವರ್ಷವಾದರೂ ಇನ್ನೂ ಬರೆದುಕೊಳ್ಳಬೇಕೇ ಎಂದು ರೇಗಿಸಿದೆ. ಅಬ್ಬಾ ನಗದೆ ಹೇಳಿದರು. ಹಲಗೆ ಮಗುಚಿದ ತಕ್ಷಣ ಎಡ ಬಲವಾಗುತ್ತದೆ, ಆದರೆ ಕೈಗೆ ಅದು ತಿಳಿಯುವುದಿಲ್ಲ, ಕೈ ತಾನು ಸರಿಯಾಗಿಯೇ ಮಾಡುತ್ತಿದ್ದೇನೆ ಎಂದುಕೊಂಡಿರುತ್ತದೆ.

ಲೋಟ ಹಿಡಿದು ಅಲ್ಲೇ ನಿಂತೆ. ಮೇಲಿನ ಸಂದಿಗೆ ವೈರುಗಳು ಬೇರೆ ಕಡೆಯಿಂದ ಬರುವುದರಿಂದ ಹರಳನ್ನು ಕೂರಿಸಲು ನಾನೊಂದು ಹೊಸ ಸಾಕೆಟ್ ಮಾಡಿಕೊಂಡಿದ್ದೆ. ಅದರ ಯಾವ ಪಿನ್ನಿನಿಂದ ಯಾವ ವೈರು ಎಂದು ನಕ್ಷೆ ಬರೆದದ್ದು ನಾನೇ. ಬೆಸುಗೆ ಹಾಕುವಾಗ ಸಾಕೆಟ್ಟನ್ನು ಮಗುಚಿ ಹಿಡಿದುಕೊಂಡು ಬರೆದೆ. ಆಮೇಲೆ ಬಳಸಿದ್ದು ಮುಂಬದಿಯಿಂದ. ಯಾವ ಕಡೆಯಿಂದ ನೋಡಿ ಬರೆದೆ ಎಂದು ಎಲ್ಲೂ ಗುರುತು ಹಾಕಿರಲಿಲ್ಲ.

ಅಯಸ್ಕಾಂತದ ನಡುವೆ ಹರಳಿಟ್ಟು ವಿದ್ಯುತ್ ಹರಿಸಿದಾಗ ಅಕ್ಕಪಕ್ಕದ ಎರಡು ವೈರುಗಳ ನಡುವೆ ಒಂದು ಸಣ್ಣ ವೋಲ್ಟೇಜ್ ಬರುತ್ತದೆ. ಅದು ಮೈನಸ್ ಆದರೆ ಓಡುತ್ತಿರುವುದು ಎಲೆಕ್ಟ್ರಾನ್, ಪ್ಲಸ್ ಆದರೆ ಹೋಲ್. ನಮಗಿರುವ ಗುರುತು ಅದೊಂದೇ. ಆ ಎರಡು ವೈರು ಅದಲುಬದಲಾದರೆ ಮೈನಸ್ ಎಲ್ಲ ಪ್ಲಸ್ ಆಗಿ ಕಾಣುತ್ತದೆ.

ಇರಲಾರದು. ನಾಳೆ ನೋಡುತ್ತೇನೆ.

11 ಆಗಸ್ಟ್, ಸೋಮವಾರ

ಮೊದಲ ಬಸ್ಸಿಗೆ ಹೋಗಿ, ಯಾರೂ ಬರುವ ಮುಂಚೆ ಸಾಕೆಟ್ ತೆಗೆದು ಮಲ್ಟಿಮೀಟರ್ ಹಿಡಿದೆ. ನನ್ನ ನಕ್ಷೆಯಲ್ಲಿ ಪಿನ್ ಮೂರು ಎಂದಿರುವ ಕಡೆ ಹತ್ತು ಇದೆ. ಹತ್ತು ಎಂದಿರುವ ಕಡೆ ಮೂರು ಇದೆ. ವೋಲ್ಟೇಜ್ ಅಳೆಯುವ ಎರಡು ವೈರು ಅವೇ.

ಆಮೇಲೆ ಪರೀಕ್ಷೆಗೆಂದೇ ಲ್ಯಾಬಿನಲ್ಲಿ ಇಟ್ಟಿರುವ ಸಿಲಿಕಾನ್ ಚೂರನ್ನು ಕೂರಿಸಿದೆ. ಅದರಲ್ಲಿ ಓಡುವುದು ಎಲೆಕ್ಟ್ರಾನ್ ಎಂದು ಎಲ್ಲರಿಗೂ ಗೊತ್ತು. ಹೊಸ ಸಾಕೆಟ್ ಮಾಡಿದರೆ ಮೊದಲು ಆ ಚೂರನ್ನಿಟ್ಟು ಮೈನಸ್ ಬರುತ್ತದೋ ಇಲ್ಲವೋ ನೋಡಿ, ನಂತರವೇ ನಮ್ಮ ಹರಳು ಮುಟ್ಟಬೇಕು, ಅದು ಸರ್ ಹಾಕಿಕೊಟ್ಟ ಪದ್ಧತಿ. ಪ್ಲಸ್ ಬಂತು. ಮೂರು ಸಲ ಮಾಡಿದೆ, ಮೂರು ಸಲವೂ ಪ್ಲಸ್.

ಮೇಲಿನ ಸಂದಿನಲ್ಲಿ ಹೋಲ್‌ಗಳಿಲ್ಲ. ಯಾವತ್ತೂ ಇರಲಿಲ್ಲ. ಸಂಘಮಿತ್ರ ಅಳೆದದ್ದು ಸರಿ.

ಲಾಗ್‌ಬುಕ್ ತೆರೆದು ನೋಡಿದೆ. 15 ನವೆಂಬರ್ 2024, ನನ್ನ ಕೈಬರಹ: ಸಿಲಿಕಾನ್ ಚೂರಿನಿಂದ ಪರೀಕ್ಷಿಸಿದೆ, ಸರಿ ಇದೆ. ಪರೀಕ್ಷಿಸಿದ್ದು ಹಳೆಯ ಸಾಕೆಟ್ಟನ್ನು. ಹೊಸದರಲ್ಲಿ ಹರಳನ್ನು ಅವತ್ತೇ ಅಳೆದುಬಿಟ್ಟಿದ್ದೆ, ಅದರ ಪರೀಕ್ಷೆ ಸೋಮವಾರ ಮಾಡಿದರಾಯಿತು ಎಂದು ಸುಮ್ಮನೆ ಬರೆದಿದ್ದೆ. ಐದೂ ನಲವತ್ತರ ಬಸ್ಸು ತಪ್ಪಿಸಿಕೊಂಡರೆ ಹುಣಸೂರಿನವರೆಗೂ ನಿಂತೇ ಹೋಗಬೇಕು. ಆ ಶುಕ್ರವಾರ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು ಎಂಬುದೂ ನೆನಪಿದೆ.

12 ಆಗಸ್ಟ್, ಮಂಗಳವಾರ

ಹೇಳಲಿಲ್ಲ.

16 ಆಗಸ್ಟ್, ಶನಿವಾರ

ಒಂದು ವಾರದಿಂದ ನನ್ನ ವಕೀಲಿ ನಾನೇ ಮಾಡುತ್ತಿದ್ದೇನೆ, ಅದೂ ಫೀಸಿಲ್ಲದೆ. ತಪ್ಪು ಉದ್ದೇಶದಿಂದ ಮಾಡಿದ್ದಲ್ಲ. ಪೇಪರ್ ಪರಿಶೀಲಿಸಿದವರಿಗೂ ಗೊತ್ತಾಗಲಿಲ್ಲ. ಸರ್ ಇನ್ನೊಂದು ಸಲ ಅಳೆಸಬಹುದಿತ್ತು. ಸಂಘಮಿತ್ರ ವಾದ ಮಾಡಬಹುದಿತ್ತು, ಅವಳ್ಯಾಕೆ ಸುಮ್ಮನಿದ್ದಳು. ಈಗ ಹೇಳಿದರೆ ಅವಳ ನಷ್ಟ ತುಂಬುವುದಿಲ್ಲ, ನನ್ನದು ಮಾತ್ರ ಹೋಗುತ್ತದೆ. ನಾಲ್ಕು ವರ್ಷದ ಕೆಲಸದಲ್ಲಿ ಪೇಪರ್ ಎಂದು ಇರುವುದು ಇದೊಂದೇ.

ಇದರಲ್ಲಿ ಕೊನೆಯ ಎರಡು ವಾಕ್ಯ ಮಾತ್ರ ನಿಜ. ಉಳಿದದ್ದೆಲ್ಲ ಅವುಗಳ ಮೇಲೆ ಹೊದಿಸಿದ ಬಟ್ಟೆ.

ಇನ್ನೂ ಒಂದಿದೆ, ಅದನ್ನೂ ಬರೆದುಬಿಡುತ್ತೇನೆ, ಯಾರು ಓದುತ್ತಾರೆ. ನಾವಿಬ್ಬರೂ ಆ ಲ್ಯಾಬಿಗೆ ಸೇರಿದಾಗ ಮೂಗಿನ ಮೇಲೆ ಬೆರಳಿಟ್ಟವರು ಇದ್ದರು. ನಾನು ಬುರ್ಖಾ ಬಿಚ್ಚಿ ಕೋಟು ಹಾಕಿಕೊಳ್ಳುವುದನ್ನು ನೋಡುವವರು ಅವಳ ಜಾತಿಯನ್ನು ಬೇರೆ ಯಾರನ್ನೋ ಕೇಳಿ ತಿಳಿದುಕೊಂಡಿದ್ದರು. ಡಬ್ಬಿ ತೆರೆದರೆ ನಾವಿಬ್ಬರೇ ಒಂದು ಮೇಜು. ಚಿನ್ನದ ಸಣ್ಣ ವೈರನ್ನು ಹರಳಿಗೆ ಅಂಟಿಸುವುದನ್ನು ಅವಳಿಗೆ ಕಲಿಸಿದವಳು ನಾನು. ಆದರೆ ಮೀಟಿಂಗಿನಲ್ಲಿ ಸರ್ ನನ್ನ ಕಡೆ ತಿರುಗಿ "ಯಾಸ್ಮಿನ್ ಕೈ ನೋಡಿ ಕಲೀರಿ" ಎಂದಾಗ ನನಗೆ ಹಿತವಾಗಿತ್ತು. ಇಬ್ಬರಲ್ಲಿ ಒಬ್ಬಳಿಗೆ ಇಲ್ಲಿ ಜಾಗವಿದೆ, ಅದು ನನಗೆ ಸಿಕ್ಕಿತು ಅನ್ನಿಸಿತ್ತು. ಅವಳ ಮುಖ ನೋಡಿದೆ, ನೋಡಿಯೂ ಹಿತವಾಗಿಯೇ ಇತ್ತು.

21 ಆಗಸ್ಟ್, ಗುರುವಾರ

ಮಧುಶ್ರೀ ಲ್ಯಾಬಿಗೆ ಬಂದು ಐದು ತಿಂಗಳಾಗಿದೆ, ಕೆ.ಆರ್. ನಗರದ ಹುಡುಗಿ. ಪೇಪರಿನ ಮುಂದಿನ ಕೆಲಸಕ್ಕೆಂದು ಸರ್ ಅವಳಿಗೆ ಅದೇ ಬಗೆಯ ಹರಳು ಕೊಟ್ಟಿದ್ದಾರೆ. ಸಾಕೆಟ್ ತಾನೇ ಮಾಡಿಕೊಂಡಳು, ನಕ್ಷೆ ತಾನೇ ಬರೆದಳು, ಸಿಲಿಕಾನ್ ಚೂರಿಟ್ಟು ನೋಡಿಯೂ ನೋಡಿದಳು. ಮೇಲಿನ ಸಂದಿನಲ್ಲಿ ಅವಳಿಗೆ ಎಲೆಕ್ಟ್ರಾನ್ ಸಿಕ್ಕಿತು. ಇನ್ನೇನು ಸಿಗಬೇಕು.

ಸರ್ ಗ್ರಾಫನ್ನು ಒಂದು ನಿಮಿಷ ನೋಡಿದರು. "ಇದೇನಮ್ಮ, ನಿಮಗೂ ಅದೇ ಕಾಯಿಲೆನಾ?" ಎಂದರು. ನಂತರ ನನ್ನ ಕಡೆ ತಿರುಗಿದರು. "ಯಾಸ್ಮಿನ್, ನೀವೊಂದ್ಸಲ ನೋಡಿ."

ಆ ಎರಡು ಮಾತಿನ ನಡುವೆ ಹೇಳಬಹುದಿತ್ತು. ಬಾಯಿ ಬಿಟ್ಟೆ. "ನೋಡ್ತೀನಿ ಸರ್" ಎಂದೆ.

ಮಧುಶ್ರೀ ಊಟದ ಹೊತ್ತಿನಲ್ಲಿ ಬಂದು ಪಕ್ಕದಲ್ಲಿ ಕೂತಳು. "ಯಾಸ್ಮಿನಕ್ಕ, ನಾನು ಎಲ್ಲಿ ತಪ್ಪು ಮಾಡಿದೀನಿ ಅಂತ ಗೊತ್ತಾಗ್ತಿಲ್ಲ. ವೈರ್ ಹಾಕೋದು ಇನ್ನೊಂದ್ಸಲ ತೋರಿಸ್ತೀರಾ?" ಎಂದು ಕೇಳಿದಳು. ತೋರಿಸಿದೆ. ಅವಳು ಹಾಕಿದ್ದರಲ್ಲಿ ಏನೂ ತಪ್ಪಿರಲಿಲ್ಲ, ನನ್ನದಕ್ಕಿಂತ ನೀಟಾಗಿತ್ತು. ಸರಿಯಾಗಿದ್ದ ವೈರನ್ನು ಅವಳು ಕಿತ್ತು, ನಾನು ತೋರಿಸಿದಂತೆ ಮತ್ತೆ ಹಾಕಿದಳು. ನಾನು ನೋಡುತ್ತ ಕೂತಿದ್ದೆ.

ಎರಡನೆಯವಳು.

24 ಆಗಸ್ಟ್, ಭಾನುವಾರ

ಸ್ನೇಹಿತೆಯ ಮನೆಗೆ ಎಂದು ಅಮ್ಮಿಗೆ ಹೇಳಿ ಕೋಟೆಯ ಬಸ್ಸು ಹತ್ತಿದೆ. ಸುಳ್ಳೂ ಅಲ್ಲ ನಿಜವೂ ಅಲ್ಲ. ಕೋಟೆಯಲ್ಲಿಳಿದು ಮೈಸೂರು ಕಡೆಯ ಬಸ್ಸು ಹಿಡಿದರೆ ದಾರಿಯಲ್ಲೇ ಹಂಪಾಪುರ.

ಬಸ್ಸು ತುಂಬಿತ್ತು. ಮುಂದಿನ ಸೀಟಿನ ಅಜ್ಜಿಯೊಬ್ಬರು ಇಳಿದರು, ಅವರ ಹಿಂದಿನವರು ಎದ್ದು ಆ ಸೀಟಿಗೆ ಹೋದರು, ಅವರ ಸೀಟಿಗೆ ಹಿಂದಿನವರು ಬಂದರು. ಜನ ಒಬ್ಬೊಬ್ಬರಾಗಿ ಮುಂದೆ ಸರಿದರು, ಖಾಲಿ ಸೀಟು ಹಿಂದೆ ಹಿಂದೆ ಬಂತು. ಹೋಲ್ ಓಡುವುದು ಎಂದರೆ ಇಷ್ಟೇ. ಈ ಉದಾಹರಣೆ ನನ್ನದಲ್ಲ, ಸಂಘಮಿತ್ರಳದು. ಲ್ಯಾಬ್ ನೋಡಲು ಬಂದ ಹೈಸ್ಕೂಲಿನ ಮಕ್ಕಳಿಗೆ, ಕುರ್ಚಿಗಳನ್ನು ಬಸ್ಸಿನಂತೆ ಸಾಲಾಗಿಟ್ಟು, ತಾನೇ ಕಂಡಕ್ಟರ್ ಆಗಿ ಆಡಿಸಿ ತೋರಿಸಿದ್ದಳು. ಆ ಮಕ್ಕಳು ಸರ್ ಹೇಳಿದ ಒಂದು ಮಾತನ್ನೂ ನೆನಪಿಟ್ಟುಕೊಂಡಿರುವುದಿಲ್ಲ, ಅದನ್ನು ಇಟ್ಟುಕೊಂಡಿರುತ್ತಾರೆ.

ಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಒಂದೂವರೆ ಗಂಟೆ ಕೂತೆ. ಹಂಪಾಪುರಕ್ಕೆ ಹೋಗುವ ಬಸ್ಸುಗಳು ನಾಲ್ಕು ಬಂದವು, ನಾಲ್ಕೂ ಹೋದವು. ಐದನೆಯದು ಹುಣಸೂರಿನದು, ಅದನ್ನು ಹತ್ತಿದೆ.

ಮನೆಯಲ್ಲಿ ಅಮ್ಮಿ, ಸ್ನೇಹಿತೆ ಹೇಗಿದ್ದಾಳೆ ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ.

28 ಆಗಸ್ಟ್, ಗುರುವಾರ

ಸರ್ ಕೇಳಿದರು, ಮಧುಶ್ರೀಯ ಹರಳನ್ನು ನೋಡಿದಿರಾ ಎಂದು. ಮ್ಯಾಗ್ನೆಟ್ಟನ್ನು ತಣ್ಣಗಿಡುವ ನೀರಿನ ಪೈಪ್ ಸೋರುತ್ತಿದೆ, ಸೋಮವಾರ ನೋಡುತ್ತೇನೆ ಎಂದೆ. ಪೈಪ್ ನಿಜವಾಗಿಯೂ ಸೋರುತ್ತಿತ್ತು. ಅದನ್ನು ಸರಿ ಮಾಡಲು ಹತ್ತು ನಿಮಿಷ ಸಾಕು.

ಮಧುಶ್ರೀ ಈಗ ಪ್ರತಿಯೊಂದು ವೈರ್ ಹಾಕುವ ಮೊದಲೂ ನನ್ನನ್ನು ಕೂಗುತ್ತಾಳೆ. ವೈರ್ ಹಿಡಿದ ಬೆರಳು ನಡುಗುತ್ತದೆ. ಆಗಸ್ಟ್ ಇಪ್ಪತ್ತರ ತನಕ ನಡುಗುತ್ತಿರಲಿಲ್ಲ.

1 ಸೆಪ್ಟೆಂಬರ್, ಸೋಮವಾರ

ಮೀಟಿಂಗ್ ಮುಗಿಯುವ ಹೊತ್ತಿಗೆ ಪತ್ರಿಕೆಯವರಿಂದ ಪೇಪರಿನ ಪ್ರೂಫ್ ಬಂತು. ನಲವತ್ತೆಂಟು ಗಂಟೆಯೊಳಗೆ ತಿದ್ದಿ ಕಳಿಸಬೇಕು, ಆಮೇಲೆ ಅಚ್ಚು. ಬುಧವಾರ ಹನ್ನೊಂದರವರೆಗೆ ಸಮಯ. ಸರ್ ಕೆಲಸವನ್ನು ನನಗೇ ಒಪ್ಪಿಸಿದರು, "ಒಂದು ಕಾಮಾ ಸಹ ತಪ್ಪಬಾರದು" ಎಂದರು.

ಮೊದಲ ಪುಟದಲ್ಲಿ ನನ್ನ ಹೆಸರು, ಅದರ ಕೆಳಗೆ ಸರ್ ಹೆಸರು. ಚೆಂದದ ಅಕ್ಷರ. ಮೂರನೆಯ ಪುಟದಲ್ಲಿ ಗ್ರಾಫ್, ಕೆಂಪು ಚುಕ್ಕಿಗಳೆಲ್ಲ ಪ್ಲಸ್ ಕಡೆ ಏರಿವೆ. ಕಾಮಾ ಎಲ್ಲವೂ ಸರಿ ಇವೆ.

ಕೊನೆಯ ಪುಟ: ಹರಳುಗಳನ್ನು ಸಿದ್ಧಪಡಿಸುವಲ್ಲಿ ನೆರವಾದ ಸಂಘಮಿತ್ರ ಡಿ. ಅವರಿಗೆ ಕೃತಜ್ಞತೆಗಳು.

ಅದನ್ನು ಓದಿದ ಮೇಲೆ ಮುಂದಕ್ಕೆ ಓದಲಾಗಲಿಲ್ಲ. ನೆರವಾದಳಂತೆ.

2 ಸೆಪ್ಟೆಂಬರ್, ಮಂಗಳವಾರ

ಮಧ್ಯಾಹ್ನ ರಜೆ ಹಾಕಿ ಮೈಸೂರಿನಿಂದಲೇ ಕೋಟೆ ಬಸ್ಸು ಹತ್ತಿದೆ. ಈ ಸಲ ಹಂಪಾಪುರದಲ್ಲಿ ಇಳಿದೆ.

ಮನೆ ಕೇಳಿಕೊಂಡು ಹೋದಾಗ ಅವಳ ಅಪ್ಪ ದೊಡ್ಡಮಾದಯ್ಯ ಜಗಲಿಯ ಮೇಲೆ ಔಷಧಿ ಹೊಡೆಯುವ ಬ್ಯಾಟರಿ ಪಂಪನ್ನು ಬಿಚ್ಚಿ ಹರಡಿಕೊಂಡು ಕೂತಿದ್ದರು. ಪಕ್ಕದಲ್ಲೇ ಅವರ ಹತ್ತಿ ಹೊಲ. ಹೆಸರು ಹೇಳಿದೆ. ಅವರ ಮುಖ ಅರಳಿತು.

"ನೀನಾ ಯಾಸ್ಮಿನ್ನವ್ವ? ಬಾ ಕಣವ್ವ, ಕೂತ್ಕೊ. ನಮ್ ಉಡ್ಗಿ ಯಾವಾಗ್ಲೂ ಯೋಳೋಳು ನಿನ್ ವಿಸ್ಯಾನೇಯ. ಕೈ ಇಡ್ದು ಕೆಲ್ಸ ಕಲ್ಸಿದ್ದು ನೀನೇ ಅಂತಲ್ಲ."

ನಾನು ಕೂರಲಿಲ್ಲ. ಕೂರುವುದು ಹೇಗೆ.

ಸಂಘು ನಾಲ್ಕೂವರೆಗೆ ಬಂದಳು. ಕೋಟೆಯ ಪಿಯು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ತೆಳ್ಳಗಾಗಿದ್ದಾಳೆ, ಸೀರೆ ಉಟ್ಟಿದ್ದಳು, ಹೆಗಲಿಗೆ ಉತ್ತರಪತ್ರಿಕೆಗಳ ಚೀಲ. ನನ್ನನ್ನು ನೋಡಿ ನಿಂತಳು, ನಗಲಿಲ್ಲ. ಒಳಗೆ ಕರೆದು ನೀರು ಕೊಟ್ಟಳು. ಬರುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಒಂದೂ ಬರಲಿಲ್ಲ.

"ನಿನ್ ವೈರ್ ಸರಿ ಇತ್ತು ಸಂಘು. ತಪ್ಪು ನಂದು. ಮೇಲಿನ ಸಂದಲ್ಲಿ ಎಲೆಕ್ಟ್ರಾನೇ ಇರೋದು."

ಅವಳು ನನ್ನ ಕೈಯಿಂದ ಲೋಟ ತೆಗೆದುಕೊಂಡಳು. "ಸಾಕೆಟ್ಟಾ?" ಎಂದಳು.

"ಹೂಂ."

"ಹಿಂದಿಂದ ನೋಡಿ ನಕ್ಷೆ ಬರ್ದಿದ್ಯಾ?"

ನನಗೆ ಒಂಬತ್ತು ತಿಂಗಳು ಹಿಡಿದದ್ದು ಅವಳಿಗೆ ಅರ್ಧ ನಿಮಿಷ ಹಿಡಿಯಿತು. ಲಾಗ್‌ಬುಕ್ಕಿನ ಸುಳ್ಳನ್ನೂ ಹೇಳಿದೆ, ಆಗಸ್ಟ್ ಹನ್ನೊಂದರಿಂದ ಗೊತ್ತಿತ್ತು ಎಂದೂ ಹೇಳಿದೆ, ಮಧುಶ್ರೀ ವಿಷಯವನ್ನೂ ಹೇಳಿದೆ.

ಎಲ್ಲ ಮುಗಿದ ಮೇಲೆ ಅಂದಳು, "ಸರ್ ಅಂದಿದ್ರೆ ನಾನು ನಂಬ್ತಿರ್ಲಿಲ್ಲ ಕಣೆ. ಅವ್ರು ಎಲ್ಲಾರ್ಗೂ ಅಂತಾರೆ. ನೀನು ಅಂದೆ ನೋಡು, ಅದಕ್ಕೆ ನಂಬ್ಕಂಡೆ. ಯಾಸ್ಮಿನ್ ನೋಡಿ ಹೇಳವ್ಳೆ ಅಂದ್ಮೇಲೆ ನನ್ ಕೈಯೇ ಸರಿಯಿಲ್ಲ ಅಂದ್ಕಂಡೆ."

ಉತ್ತರಪತ್ರಿಕೆಗಳ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಈಗ್ಲೂ ಪ್ರಾಕ್ಟಿಕಲ್ಸ್ ಇದ್ರೆ ನಮ್ ಕಾಲೇಜಿನ ಧರ್ಮೇಂದ್ರ ಸರ್‌ನ ಕಳಿಸ್ತೀನಿ, ಅವ್ರ ಥಿಯರಿ ಕ್ಲಾಸು ನಾನು ತಗತೀನಿ. ಮಕ್ಕಳ ಮುಂದೆ ವೈರ್ ಮುಟ್ಟಕ್ಕೆ ಆಗಲ್ಲ ನಂಗೆ. ಅಪ್ಪ ಆ ಪಂಪಿನ ವೈರ್ ನೋಡವ್ವ ಅಂತು ಮೊನ್ನೆ. ಗೊತ್ತಿಲ್ಲ ಅಂದೆ." ಹೊರಗಿನಿಂದ ಪಂಪ್ ಜೋಡಿಸುವ ಸದ್ದು ಕೇಳುತ್ತಿತ್ತು. ಅವಳು ಧ್ವನಿ ತಗ್ಗಿಸಿದಳು. "ಇದನ್ನ ಇನ್ಯಾರ್‌ಗೆ ಹೇಳಿದ್ದೀಯ?"

"ಯಾರಿಗೂ ಇಲ್ಲ. ಮೊದಲು ನಿನಗೇ."

"ನಂಗ್ಯಾಕೆ ಮೊದ್ಲು?"

ಅದು ಸರಿಯಾದದ್ದು ಅನ್ನಿಸಿತು ಎಂದೆ. ನಿನಗೇ ತಾನೇ ಅನ್ಯಾಯ ಆದದ್ದು ಎಂದೆ.

"ಅಲ್ಲ," ಎಂದಳು. "ನಾನು 'ಹೋಗ್ಲಿ ಬುಡು' ಅನ್ಲಿ ಅಂತ ಬಂದಿದ್ದೀಯ. ನಾನು ಬುಡು ಅಂದ್ರೆ ನೀನು ಬುಟ್ಬುಡ್ತೀಯ."

ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅವಳು ಅಂದದ್ದು ನಿಜ. ಪ್ರೂಫ್ ಚೀಲದಲ್ಲೇ ಇತ್ತು. ಅವಳು ಬಿಡು ಎಂದಿದ್ದರೆ ಇವತ್ತೇ ಕಳಿಸುತ್ತಿದ್ದೆ, ಮನಸ್ಸು ಹಗುರ ಮಾಡಿಕೊಂಡು.

"ನೀನು ಅಂದಿದ್ದು ಎಲ್ಲಾರ ಮುಂದೆ," ಎಂದಳು. "ನನ್ ಮನೇಲಿ ಬಂದು ಹೇಳಿದ್ರೆ ನಂಗೆ ಅದು ವಾಪಸ್ ಬರಲ್ಲ." ಇಷ್ಟು ಹೇಳಿ ಉತ್ತರಪತ್ರಿಕೆಯ ಚೀಲ ತೆಗೆದುಕೊಂಡು ಒಳಕೋಣೆಗೆ ಹೋದಳು.

ಬಸ್‌ಸ್ಟಾಪಿನವರೆಗೆ ಬಂದವರು ದೊಡ್ಡಮಾದಯ್ಯ. ಎಷ್ಟು ಕೇಳಿಸಿಕೊಂಡಿದ್ದರೋ ಗೊತ್ತಿಲ್ಲ. ಬಸ್ಸು ಬಂದಾಗ "ಉಸಾರಾಗೋಗವ್ವ" ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

3 ಸೆಪ್ಟೆಂಬರ್, ಬುಧವಾರ

ಬೆಳಿಗ್ಗೆ ಒಂಬತ್ತೂವರೆಗೆ ಸರ್ ಕೋಣೆಗೆ ಹೋಗಿ ಎಲ್ಲರನ್ನೂ ಕರೆಯಿರಿ ಎಂದೆ. ಮೀಟಿಂಗ್ ಸೋಮವಾರ ಆಯಿತಲ್ಲ ಎಂದರು. ಇವತ್ತೂ ಬೇಕು ಸರ್ ಎಂದೆ. ನನ್ನ ಮುಖ ನೋಡಿ ಕರೆದರು. ಏಳು ಜನ ಬಂದರು.

ಹೇಳಿದೆ. ಬೋರ್ಡಿನ ಮೇಲೆ ಸಾಕೆಟ್ಟಿನ ಚಿತ್ರ ಬರೆದು, ಮುಂಬದಿ ಹಿಂಬದಿ ಎರಡೂ ತೋರಿಸಿ ಹೇಳಿದೆ. "ಕಳೆದ ನವೆಂಬರ್ ಹದಿನೆಂಟಕ್ಕೆ ಇಲ್ಲೇ ನಿಂತು, ಸಂಘಮಿತ್ರ ವೈರ್ ಹಾಕಿರೋದು ಸರಿ ಇಲ್ಲ ಅಂದೆ. ಅದು ಸುಳ್ಳು. ಅವಳ ವೈರನ್ನು ನಾನು ನೋಡೇ ಇರಲಿಲ್ಲ" ಎಂದೆ. ಇದನ್ನು ಇಲ್ಲಿಯವರೆಗೆ ಈ ಪುಸ್ತಕದಲ್ಲೂ ಬರೆದಿರಲಿಲ್ಲ. ನೋಡೇ ಇರಲಿಲ್ಲ. ನನ್ನದು ಸರಿ ಇದ್ದರೆ ಅವಳದು ತಪ್ಪಿರಲೇಬೇಕು ಎಂದುಕೊಂಡು ಹೇಳಿದ್ದೆ.

ಸರ್ ಎದ್ದು ಹೋಗಿ ನನ್ನ ಸಾಕೆಟ್ ತಾವೇ ತಂದರು. ಸಿಲಿಕಾನ್ ಚೂರನ್ನು ತಾವೇ ಕೂರಿಸಿದರು. ನಾವೆಲ್ಲ ಸುತ್ತ ನಿಂತಿದ್ದೆವು. ಅಂಕಿಯ ಮುಂದೆ ಪ್ಲಸ್ ಬಂತು. ಅವರು ಸ್ಟೂಲಿನ ಮೇಲೆ ಕೂತು ಕನ್ನಡಕ ತೆಗೆದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ನಾನು ಇನ್ನೊಂದು ಸಲ ಅಳೆಸಲೇ ಇಲ್ಲ," ಎಂದರು. "ನನಗೆ ಬೇಕಾಗಿದ್ದು ಬಂದಿತ್ತಲ್ಲ." ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದರು, "ನಿಮಗೆ ಯಾವಾಗ ಗೊತ್ತಾಯ್ತು?"

"ಆಗಸ್ಟ್ ಹನ್ನೊಂದಕ್ಕೆ ಸರ್."

ಇಪ್ಪತ್ತಮೂರು ದಿನ. ಮಧುಶ್ರೀ ಲೆಕ್ಕ ಹಾಕಿದಳು.

"ಯಾಸ್ಮಿನಕ್ಕ, ನನ್ನ ವೈರ್ ಕೀಳಿಸಿದ್ರಲ್ಲ ಅವತ್ತು. ಅವತ್ತು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಬಹಳ ದಿನಗಳಿಂದ ನಾನು ಹೆದರಿದ್ದು ಪೇಪರ್ ಹೋಗುತ್ತದೆ ಎಂದು. ಆ ಎರಡು ಹೆಜ್ಜೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಹನ್ನೊಂದಕ್ಕೆ ಮೊದಲೇ ಸರ್ ಪತ್ರಿಕೆಯವರಿಗೆ ಬರೆದರು, ಪೇಪರ್ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದು. ಆಮೇಲೆ ಎಲ್ಲರೂ ಇರುವಾಗಲೇ ಸಂಘುಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಅದು ನಾನು ಕೇಳಿದ್ದಲ್ಲ, ಅವರಿಗೇ ತೋಚಿದ್ದು.

"ಸಂಘಮಿತ್ರ, ನಾನು ಕೃಷ್ಣಕುಮಾರ್. ನಿಮ್ಮ ಅಳತೆ ಸರಿ ಇತ್ತಮ್ಮ. ಇಲ್ಲಿ ಎಲ್ಲರೂ ಇದ್ದಾರೆ. ಎಲ್ಲರ ಮುಂದೇ ಹೇಳ್ತಿದ್ದೀನಿ."

ಆ ಕಡೆ ಮಕ್ಕಳ ಗಲಾಟೆ ಕೇಳುತ್ತಿತ್ತು. "ಹೌದು ಸರ್," ಎಂದಳು.

"ನೀವು ವಾಪಸ್ ಬನ್ನಿ. ಫೆಲೋಶಿಪ್ಪಿಗೆ ನಾನು ಬರೀತೀನಿ. ಆ ಕೆಲಸ ನಿಮ್ಮದೇ, ನಿಮ್ಮ ಹೆಸರಲ್ಲೇ ಬರಬೇಕು."

"ಸರ್, ನಂಗೆ ಕ್ಲಾಸಿದೆ. ಆಮೇಲೆ ಮಾಡ್ತೀನಿ."

ಫೋನ್ ಇಟ್ಟಳು. ಸಂಜೆ ಐದೂವರೆಯವರೆಗೂ ಸರ್ ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿಟ್ಟುಕೊಂಡು ಅವಳ ಕರೆಗೆ ಕಾದರು. ಬರಲಿಲ್ಲ.

5 ಸೆಪ್ಟೆಂಬರ್, ಶುಕ್ರವಾರ

ಸಂಘುವಿನ ವಿಷಯವನ್ನೂ ಸೇರಿಸಿ ಮನೆಯಲ್ಲಿ ಎಲ್ಲ ಹೇಳಿದೆ. ಪೇಪರ್ ಇಲ್ಲ, ಇನ್ನೂ ಎರಡು ವರ್ಷ ಬೇಕಾಗಬಹುದು ಎಂದು. ಅಮ್ಮಿ ಅತ್ತರು. ಆ ಹುಡುಗಿ ಈಗ ಏನು ಮಾಡುತ್ತಾಳೆ ಎಂದು ಅಬ್ಬಾ ಕೇಳಿದರು. ಪಾಠ ಮಾಡುತ್ತಾಳೆ ಎಂದೆ. ಅವರು ನಾಷ್ಟಾ ಅರ್ಧಕ್ಕೇ ಬಿಟ್ಟು ಶೆಡ್ಡಿಗೆ ಹೋದರು.

12 ಸೆಪ್ಟೆಂಬರ್, ಶುಕ್ರವಾರ

ಒಂಬತ್ತು ದಿನವಾಯಿತು. ಸಂಘು ಫೋನ್ ಮಾಡಿಲ್ಲ. ಸರ್ ಎರಡು ಸಲ ಮಾಡಿದರು, ತೆಗೆದಿಲ್ಲ.

ನಾನು ಅಳೆದದ್ದನ್ನು ಈಗ ಮಧುಶ್ರೀ ಇನ್ನೊಮ್ಮೆ ಅಳೆಯುತ್ತಾಳೆ, ನನ್ನನ್ನು ಕೇಳದೆ. ಅಕ್ಕ ಎನ್ನುವುದನ್ನು ಬಿಟ್ಟಿದ್ದಾಳೆ. ವೈರ್ ಹಾಕುವಾಗ ಅವಳ ಬೆರಳು ಈಗ ನಡುಗುವುದಿಲ್ಲ, ದೂರದಿಂದ ನೋಡಿದೆ. ನಾನು ಸಂಘುವಿನ ಹಳೆಯ ಅಳತೆಗಳನ್ನೆಲ್ಲ ಒಂದು ಕಡೆ ಜೋಡಿಸಿ, ದಿನಾಂಕ ಹಾಕಿ, ಅವಳ ಹೆಸರಿನ ಫೈಲಿನಲ್ಲಿ ಇಡುತ್ತಿದ್ದೇನೆ. ಮೇಲಿನ ಸಂದಿನಲ್ಲಿ ಯಾಕೆ ಎಲೆಕ್ಟ್ರಾನ್ ಎಂಬುದಕ್ಕೂ ಅವಳು ಮಾರ್ಜಿನ್ನಿನಲ್ಲಿ ಒಂದು ಕಾರಣ ಬರೆದಿದ್ದಾಳೆ, ಬೆಳೆಸುವಾಗ ಮೇಲಿನ ಪದರಕ್ಕೆ ಆಮ್ಲಜನಕ ಸಾಲದೆ ಹೋಗಿರಬಹುದು ಎಂದು. ಸರಿ ಇದ್ದೀತು. ನಾನದನ್ನು ಪರೀಕ್ಷೆ ಮಾಡುವುದಿಲ್ಲ, ಅದು ಅವಳ ಕೆಲಸ.

ಇವತ್ತು ಸಂಜೆ ಬಸ್ಸಿಗೆ ಹೊರಟಾಗ ಸರ್ ಬಾಗಿಲ ಹತ್ತಿರ ನಿಲ್ಲಿಸಿದರು. "ಯಾಸ್ಮಿನ್, ಭಾನುವಾರ ನೀವೇ ಒಂದ್ಸಲ ಹೋಗಿ ಬನ್ನಿ. ಬಾ ಅಂತ ಹೇಳಿ. ನೀವು ಹೇಳಿದ್ರೆ ಸಂಘಮಿತ್ರ ಕೇಳ್ತಾಳೆ," ಎಂದರು.

"ಅದಕ್ಕೇ ಸರ್," ಎಂದೆ. "ನಾನು ಹೇಳೋಲ್ಲ."